ಕೋಲು ಉರುಳಿಸುವ ಆಚಾರ್ರು

ವಿಟ್ಠಲ ಆಚಾರ್ರು ಯಾರನ್ನೂ ಎರಡು ಕಣ್ಣಿನಿಂದ ನೋಡುತ್ತಿರಲಿಲ್ಲ. ಎಡಗಣ್ಣು ಮುಚ್ಚಿ, ಗದ್ದವನ್ನು ತುಸು ಮುಂದಕ್ಕೆ ಚಾಚಿ, ಬಲಗಣ್ಣನ್ನು ಕಿರಿದು ಮಾಡಿ, ಎದುರಿಗಿದ್ದವನನ್ನು ನೆತ್ತಿಯಿಂದ ಹೆಬ್ಬೆರಳಿನ ತನಕ ಒಮ್ಮೆ ಅಳೆದುಬಿಡುತ್ತಿದ್ದರು. ಮೊದಲ ಸಲ ನೋಡಿದವರು ಪಾಪ, ಒಂದು ಕಣ್ಣು ಹೋಗಿದೆ ಅಂದುಕೊಳ್ಳುತ್ತಿದ್ದರು. ಎರಡನೆಯ ಸಲ ನೋಡಿದವರಿಗೆ ಅವಮಾನವಾಗುತ್ತಿತ್ತು. ವಿಷಯ ಎರಡೂ ಅಲ್ಲ. ಅವರು ಬಿಲಿಯರ್ಡ್ಸ್ ಆಡುವ ಕೋಲುಗಳನ್ನು ಕೈಯಿಂದ ಮಾಡುವವರು. ಕೋಲು ನೆಟ್ಟಗಿದೆಯೋ ಇಲ್ಲವೋ ಎಂದು ದಿನವಿಡೀ ನೋಡಿ ನೋಡಿ ಆ ಕಣ್ಣಿಗೆ ಬೇರೆ ಥರ ನೋಡುವುದು ಮರೆತೇಹೋಗಿತ್ತು. ಮನುಷ್ಯ, ಬಾಗಿಲು, ದೀಪದ ಕಂಬ, ದೋಸೆ ಮಗುಚುವ ಸಟ್ಟುಗ, ಎಲ್ಲದರಲ್ಲೂ ಅವರು ಹುಡುಕುತ್ತಿದ್ದದ್ದು ಬಾಗು.

ಉರುಳಿಸಬಹುದಾದ ವಸ್ತು ಕೈಗೆ ಸಿಕ್ಕರಂತೂ ಮುಗಿಯಿತು. ನಮ್ಮ ಪರಿಚಯವಾದದ್ದೇ ಹಾಗೆ. ನಾನಾಗ ಬರೋಡಾದಲ್ಲಿ ಓದುತ್ತಿದ್ದೆ. ಕಾಲೇಜಿನ ಚರ್ಚಾಕೂಟದಲ್ಲಿ ಯಾವ ಪಕ್ಷ ಕೊಟ್ಟರೂ ಮಾತಾಡುತ್ತಾನೆ ಎಂದು ಹೆಸರಾಗಿದ್ದೆ. ಅಪ್ಪ ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದರು. ಮೈಸೂರಿನಿಂದ ಅಲ್ಲಿಗೆ ಬಂದ ನಮ್ಮ ಮನೆಯಲ್ಲಿ ಪುರಾವೆ ಇಲ್ಲದ ಮಾತಿಗೆ ಊಟದ ತಟ್ಟೆಯ ಮುಂದೆಯೂ ಮರ್ಯಾದೆ ಇರಲಿಲ್ಲ. ಆ ಸಂಜೆ ಫತೇಗಂಜಿನ ಉಡುಪಿ ಹೋಟೆಲಿನಲ್ಲಿ ಕೂತು, ಇಡ್ಲಿ ಆರಿಹೋಗುವುದನ್ನೂ ಲೆಕ್ಕಿಸದೆ, ಗೆಳೆಯರೆದುರು ದೇವರನ್ನು ಅಲ್ಲಗಳೆಯುತ್ತಿದ್ದೆ. ಪಕ್ಕದಲ್ಲಿ ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದ ಒಬ್ಬ ತೆಳ್ಳನೆಯ ಮನುಷ್ಯ ಕೈ ಚಾಚಿ ನನ್ನ ಪೆನ್ಸಿಲು ಎತ್ತಿಕೊಂಡು, ಅಮೃತಶಿಲೆಯ ಮೇಜಿನ ಮೇಲೆ ಉರುಳಿಸಿ, ಎಡಗಣ್ಣು ಮುಚ್ಚಿ ನೋಡಿದ.

"ಬಗ್ಗಿ ಉಂಟು," ಎಂದ.

"ಬರೆಯುತ್ತಲ್ಲ," ಅಂದೆ.

"ಬರೀತದೆ. ಉರುಳುದಿಲ್ಲ."

"ಪೆನ್ಸಿಲು ಇರೋದು ಉರುಳೋದಕ್ಕಲ್ಲ."

"ಹಾಗಾದ್ರೆ ಗುಂಡಗೆ ಮಾಡಿದ್ದು ಎಂತಕ್ಕೆ?"

"ಬೆರಳಿಗೆ ಒತ್ತಬಾರದು ಅಂತ. ಉರುಳಬೇಕು ಅಂತಿದ್ರೆ ಮೇಜಿನಿಂದ ಬಿದ್ದು ಮೊನೆ ಮುರಿಯುತ್ತೆ. ನೆಟ್ಟಗಿರೋ ಪೆನ್ಸಿಲು ನಿಜವಾಗಿ ಕೆಟ್ಟ ಪೆನ್ಸಿಲು."

ಆಚಾರ್ರು ಪೆನ್ಸಿಲನ್ನು ಇನ್ನೊಮ್ಮೆ ಉರುಳಿಸಿ ನೋಡಿದರು. ಆಮೇಲೆ ಗಂಟಲು ತೆರೆದು ನಕ್ಕರು. "ಇದು ಬಾಯಿ ಮಾರಾಯ್ರೆ! ವಕೀಲ್ರೆ, ಒಮ್ಮೆ ಅಂಗಡಿಗೆ ಬನ್ನಿ. ಅಲ್ಲಿ ಎಲ್ಲ ನೆಟ್ಟಗಿರುದೇ ಉಂಟು, ಜಗಳ ಮಾಡ್ಲಿಕ್ಕೆ ಯಾರೂ ಇಲ್ಲ."

ಅಂದಿನಿಂದ ಕೊನೆಯ ತನಕ ನಾನು ಅವರಿಗೆ ವಕೀಲರೇ. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಅಂಗಡಿ ಅದೇ ಹೋಟೆಲಿನ ಬೆನ್ನಿಗಿತ್ತು. ಕಾರ್ಕಳದ ಕಡೆಯ ಆಚಾರ್ರು, ಮರಗೆಲಸದ ಮನೆತನ. ಹೋಟೆಲಿನವರ ಮೇಜು, ಬೆಂಚು, ಗಾಜಿನ ಕಪಾಟು ಮಾಡಲೆಂದು ಗುಜರಾತಿಗೆ ಬಂದವರು. ಊರಿಗೆ ಮರಳುವ ಮೊದಲು ಮಿಲಿಟರಿ ಕ್ಯಾಂಪಿನ ಕಡೆಯ ಒಂದು ಕ್ಲಬ್ಬಿನ ಕುರ್ಚಿಗಳನ್ನು ರಿಪೇರಿ ಮಾಡಿಕೊಡಲು ಹೋದರು. ಅಲ್ಲಿ ಬಿಲಿಯರ್ಡ್ಸ್ ಮೇಜುಗಳ ದುರಸ್ತಿಗೆ ಬರುತ್ತಿದ್ದ ಒಬ್ಬ ಮುದಿ ಪಾರ್ಸಿಯ ಕೈಯಲ್ಲಿ ಕೋಲೊಂದನ್ನು ಕಂಡರು. ಕಂಡವರು ಊರಿಗೆ ಹೋಗಲಿಲ್ಲ; ಆ ಮುದುಕನಿಂದಲೇ ಕಸುಬು ಕಲಿತರು. "ಕುರ್ಚಿಗೆ ನಾಲ್ಕು ಕಾಲುಂಟು ವಕೀಲ್ರೆ, ಒಂದು ಸುಳ್ಳು ಹೇಳಿದ್ರೆ ಮೂರು ಸಂಭಾಳಿಸ್ತದೆ. ಕೋಲು ಒಂದೇ. ಅದಕ್ಕೆ ಅಡಗ್ಲಿಕ್ಕೆ ಜಾಗ ಇಲ್ಲ," ಎನ್ನುತ್ತಿದ್ದರು. ಮುದುಕ ತೀರಿಕೊಂಡ ಮೇಲೆ ಬರೋಡಾ, ಅಹಮದಾಬಾದು, ಸೂರತ್ತಿನ ಕ್ಲಬ್ಬುಗಳಿಗೆಲ್ಲ ಆಚಾರ್ರ ಕೋಲೇ ಹೋಗುತ್ತಿತ್ತು.

ಆ ದಿನಗಳಲ್ಲಿ ಕೂತ ಆಚಾರ್ರನ್ನು ನಾನು ಕಂಡದ್ದೇ ಇಲ್ಲ. ಅಂಗಡಿಯಲ್ಲಿ ಒಂದು ಸ್ಟೂಲಿತ್ತು, ಅದರ ಮೇಲೆ ಮರ ಅಂಟಿಸುವ ಸರೇಸಿನ ಡಬ್ಬಿ ಕೂತಿರುತ್ತಿತ್ತು. ಇವರು ಓಡಾಡುತ್ತಲೇ ಊಟ ಮಾಡುತ್ತಿದ್ದರು, ಓಡಾಡುತ್ತಲೇ ಮಾತಾಡುತ್ತಿದ್ದರು; ಒಂದು ಮಾತು ಅಂಗಡಿಯ ಒಳಗೆ ಶುರುವಾದರೆ ಅದರ ಕ್ರಿಯಾಪದ ರಸ್ತೆಯಲ್ಲಿ ಸಿಗುತ್ತಿತ್ತು. ಅಂಥವರಿಗೆ ಒಲಿದದ್ದು ಎಂಥ ಕಸುಬು ನೋಡಿ! ಕೋಲಿನ ಮರವನ್ನು ಒಂದೇ ಸಲ ಕೀಸಿ ಮುಗಿಸುವಂತಿಲ್ಲ. ಕೀಸುಳಿಯಿಂದ ತೆಳ್ಳನೆಯ ಒಂದೆರಡು ಪದರ ತೆಗೆದು, ಬುಡಕ್ಕೆ ಭಾರ ಕಟ್ಟಿ, ಜಂತಿಯಿಂದ ನೇತುಹಾಕಬೇಕು. ಮೈಯಿಂದ ಪದರ ಹೋದ ಮರ ಹೊಸ ಗಾಳಿಗೆ ಸ್ವಲ್ಪ ಹೊರಳುತ್ತದೆ. ಅದು ಹೊರಳಿ ಮುಗಿಸುವ ತನಕ ಕಾಯಬೇಕು. ಆಮೇಲೆ ಮತ್ತೊಂದು ಪದರ, ಮತ್ತೆ ಕಾಯುವುದು. ಒಂದು ಕೋಲಿಗೆ ಒಂದು ವರ್ಷವಾದರೂ ಬೇಕು. ಕಾಯದೆ ಕೀಸಿದರೆ ಇವತ್ತು ನೆಟ್ಟಗೆ ಕಂಡದ್ದು ನಾಳೆ ಬಾಗುತ್ತದೆ.

"ನಿಂತಲ್ಲಿ ನಿಲ್ಲೋದು ನಿಮಗೆ ಆಗಲ್ಲ. ಇಷ್ಟು ದಿನ ಹೇಗೆ ಕಾಯ್ತೀರಿ?" ಎಂದು ಕೇಳಿದ್ದೆ.

ಜಂತಿಯತ್ತ ಕೈ ತೋರಿಸಿದರು. ಸಣ್ಣ ಕಾಡಿನ ಹಾಗೆ ಕೋಲುಗಳು ತೂಗುತ್ತಿದ್ದವು. "ನಾನು ಕಾಯುದಿಲ್ಲ ವಕೀಲ್ರೆ. ಒಂದನ್ನು ಬಿಟ್ಟು ಇನ್ನೊಂದು ಹಿಡೀತೇನೆ. ಒಂದು ಕೋಲು ಬದುಕ್ಬೇಕಾದ್ರೆ ಸುತ್ತ ಹತ್ತು ಕೋಲು ಬೇಕು. ಇಲ್ಲದಿದ್ರೆ ನನ್ನ ಕೈಯೇ ಅದನ್ನು ಕೊಲ್ತದೆ."

ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಅವರ ಮಗಳು ನಳಿನಿ ನನ್ನದೇ ವಯಸ್ಸಿನವಳು. ತಾಯಿ ಇಲ್ಲ. ಬರೋಡಾದಲ್ಲೇ ಹುಟ್ಟಿ ಬೆಳೆದದ್ದರಿಂದ ಅವಳ ಕನ್ನಡ ಅರ್ಧ ದಾರಿಯಲ್ಲಿ ಗುಜರಾತಿಯಾಗುತ್ತಿತ್ತು. ಕೋಲಿನ ಹಿಡಿಯ ಭಾಗದಲ್ಲಿ ಕರಿಮರವನ್ನೂ ಬಿಳಿಮರವನ್ನೂ ಬಾಣದ ಮೊನೆಯ ಹಾಗೆ ಒಂದರೊಳಗೊಂದು ಕೂಡಿಸುವ ಕೆಲಸ ಅವಳದು. ಇವಳು ತಂದೆಯ ತದ್ವಿರುದ್ಧ: ಗೋಡೆಗೆ ಒರಗಿ ಕೂತಳೆಂದರೆ ಬೆರಳು ಮಾತ್ರ ಅಲುಗುತ್ತಿತ್ತು. ನಾನೂ ಆಚಾರ್ರೂ ವಾದಕ್ಕಿಳಿದಾಗ ತಲೆ ಎತ್ತದೆ ಹೇಳುತ್ತಿದ್ದಳು: "ಭಾಯ್, ಚಾ ಠಂಡಿ ಆಯ್ತು. ಬಾಪುಜಿ, ನಿಮ್ದೂ. ಮಾತು ಮಾತ್ರ ಗರಮ್ ಉಂಟು."

ವಾದ ಯಾವುದರ ಮೇಲೆ? ಒಂದೇ ವಿಷಯ: ಈ ಕಸುಬಿಗೆ ಮುಂದೆ ಬಾಳಿದೆಯೇ? ಇಲ್ಲ ಎಂಬುದು ನನ್ನ ಪಕ್ಷ. ನನ್ನ ಬಳಿ ಕಾರಣಗಳಿದ್ದವು, ಅವು ಈಗಲೂ ಇವೆ. ಒಂದನೆಯದು, ಒಳ್ಳೆಯ ಕೋಲಿಗೆ ಇಂಗ್ಲೆಂಡಿನ ಆಶ್ ಮರವೇ ಬೇಕು ಎಂದು ಇವರ ಹಟ, ಆ ಮರ ಬರುವುದು ನಿಂತಿದೆ. ವಿದೇಶದ ಸಾಮಾನಿಗೆ ಆಗ ಪರವಾನಗಿ ಸಿಗುವುದೆಂದರೆ ತಮಾಷೆಯಲ್ಲ. ಇನ್ನೊಂದು, ಆಡುವವರು ಯಾರು? ಸಂಸ್ಥಾನ ಕಳೆದುಕೊಂಡವರು, ಗಿರಣಿ ಇರುವವರು, ಪಿಂಚಣಿಯ ಕರ್ನಲ್ಲುಗಳು. ಅವರಿಗಾಗಿ ಒಬ್ಬ ಮನುಷ್ಯ ವರ್ಷಗಟ್ಟಲೆ ಮರ ಕೀಸುವುದರಲ್ಲಿ ನ್ಯಾಯವೆಲ್ಲಿದೆ?

ಮರದ ಪ್ರಶ್ನೆಗೆ ಆಚಾರ್ರು ಒಂದು ದಿನ ಹೆಗಲ ಮೇಲೆ ಉತ್ತರ ಹೊತ್ತು ತಂದರು. ಊರಿನ ಹಳೆಯ ವ್ಯಾಯಾಮಶಾಲೆಯೊಂದು ತನ್ನ ಪ್ಯಾರಲಲ್ ಬಾರುಗಳನ್ನು ಬದಲಾಯಿಸಿತ್ತು. ಹುಡುಗರು ಕೈಯೂರಿ ತೂಗಾಡುವ ಆ ಉದ್ದನೆಯ ಜೋಡಿ ಅಡ್ಡಗೋಲುಗಳು ಸಂಸ್ಥಾನದ ಕಾಲದಲ್ಲಿ ಇಂಗ್ಲೆಂಡಿನಿಂದ ಬಂದವು, ಅಪ್ಪಟ ಆಶ್. ಆಚಾರ್ರು ಒಂದು ತುದಿ ಹಿಡಿದು, ನಳಿನಿ ಇನ್ನೊಂದು ತುದಿ ಹಿಡಿದು, ಫತೇಗಂಜಿನ ಸೈಕಲ್ಲುಗಳ ನಡುವೆ ಮೆರವಣಿಗೆಯ ಹಾಗೆ ಬಂದರು. ಅಲ್ಲಿ ಕಸರತ್ತು ಕಲಿಸುವ ಉಸ್ತಾದ ಸುಲಭಕ್ಕೆ ಕೊಟ್ಟಿರಲಿಲ್ಲವಂತೆ. "ಈ ಬಾರಿನ ಮೇಲೆ ಒಮ್ಮೆಯಾದರೂ ಕೈಯೂರಿ ನಿಲ್ಲದವನಿಗೆ ಕೊಡೋದಿಲ್ಲ" ಎಂದನಂತೆ.

"ನಿಂತ್ರಾ?" ಎಂದು ಕೇಳಿದೆ.

"ನಿಂತೆ. ಆಮೇಲೆ ಇಳೀಲಿಕ್ಕೆ ಗೊತ್ತಾಗ್ಲಿಲ್ಲ. ನಾಲ್ಕು ಪೈಲ್ವಾನ್ರು ಹಿಡಿದು ಇಳಿಸಿದ್ರು," ಎಂದು ಬಾರಿನ ಮೈ ಸವರಿದರು. "ಎಷ್ಟು ಜನರ ಬೆವರು ಕುಡಿದ ಮರ ನೋಡಿ. ಇನ್ನು ಇದಕ್ಕೆ ಯಾವ ಮಳೆಯೂ ಹೊಸತಲ್ಲ."

"ಸರಿ. ಗುಜರಾತಿನಲ್ಲಿ ಇಂಥ ವ್ಯಾಯಾಮಶಾಲೆ ಎಷ್ಟಿರಬಹುದು? ಬಾರು ಮುಗಿದ ಮೇಲೆ?"

"ಬಾರು ಮುಗಿಯುವಾಗ ನಾನೂ ಮುಗೀತೇನೆ. ಲೆಕ್ಕ ಸರಿಯಾಯ್ತಲ್ಲ?"

"ನೀವು ಮುಗಿಯೋದು ನಿಮ್ಮ ವಿಷಯ. ನಾನು ಕೇಳ್ತಿರೋದು ಕಸುಬಿನ ವಿಷಯ."

ಆಚಾರ್ರು ಬಾಗಿಲ ತನಕ ಹೋಗಿ ತಿರುಗಿ ಬಂದರು. ಬಾರಿನ ದೂಳು ಒರೆಸತೊಡಗಿದರು. ಚರ್ಚಾಕೂಟದಲ್ಲಾದರೆ ನಾನು ಅಲ್ಲಿಗೇ ಕೂತುಬಿಡುತ್ತಿದ್ದೆ, ಚಪ್ಪಾಳೆಗೆ ಕಾಯುತ್ತ. ಅಂಗಡಿಯಲ್ಲಿ ಯಾರೂ ತಟ್ಟಲಿಲ್ಲ. ನಳಿನಿ ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿ, ಮತ್ತೆ ಮರದತ್ತ ಬಾಗಿದಳು.

ಆ ಪ್ರಶ್ನೆಗೆ ಉತ್ತರವಿದ್ದ ಮನುಷ್ಯ ಬೇಸಿಗೆಯಲ್ಲಿ ಬಂದ. ಜಯಂತಿಭಾಯಿ, ಅಹಮದಾಬಾದಿನ ಆಟದ ಸಾಮಾನಿನ ವ್ಯಾಪಾರಿ. ವಟ್ವಾದಲ್ಲಿ ಹೊಸ ಕೈಗಾರಿಕಾ ಪ್ರದೇಶ ಏಳುತ್ತಿತ್ತು; ಅಲ್ಲಿ ಬಣ್ಣದ ಕಾರ್ಖಾನೆಗಳ ಮಗ್ಗುಲಿಗೆ ಒಂದು ಶೆಡ್ಡು ಹಿಡಿದಿದ್ದ. ಕೇರಂ ಬೋರ್ಡು, ಹಾಕಿ ಕೋಲು, ಅವುಗಳ ಜೊತೆ ಬಿಲಿಯರ್ಡ್ಸ್ ಕೋಲು, ಎಲ್ಲ ಲೇತಿನ ಮೇಲೆ. ದೇಶದ ಮರವನ್ನು ಬಿಸಿ ಕೋಣೆಯಲ್ಲಿ ಒಣಗಿಸಿ, ಯಂತ್ರದಲ್ಲಿ ಕಡೆದು, ಒಂದೇ ದಿನದಲ್ಲಿ ಕಟ್ಟುಗಟ್ಟಲೆ. ದೊಡ್ಡ ಮಿಸ್ತ್ರಿಯಾಗಿ ಆಚಾರ್ರು ಬರಬೇಕು.

ಅವನನ್ನು ಖಳನಾಯಕ ಮಾಡುವುದು ಸುಲಭ, ಆದರೆ ಅನ್ಯಾಯ. ಮಾತು ಮೃದು, ತರ್ಕ ಗಟ್ಟಿ. "ಮಿಸ್ತ್ರಿ, ಜುಓ, ನೋಡಿ," ಎಂದ, "ನಿಮ್ಮ ಕೈಯಿಂದ ನಾಲ್ಕು ಕ್ಲಬ್ಬು ಆಡುತ್ತೆ. ನನ್ನ ಯಂತ್ರದಿಂದ ಪ್ರತಿ ಹಾಸ್ಟೆಲ್ಲಿನ ಹುಡುಗ ಆಡ್ತಾನೆ. ನೀವು ಹೋದಮೇಲೆ ಈ ವಿದ್ಯೆ ಎಲ್ಲಿರುತ್ತೆ? ನನ್ನ ಹತ್ತಿರ ಬಂದರೆ ಯಂತ್ರದ ಒಳಗಾದರೂ ಇರುತ್ತೆ. ದೀಪಾವಳಿಯ ಒಳಗೆ ಹೇಳಿ. ಇಲ್ಲವಾದರೆ ಪಂಜಾಬಿನಿಂದ ಮಿಸ್ತ್ರಿಯನ್ನು ತರ್ತೀನಿ. ಆಮೇಲೆ ಕ್ಲಬ್ಬುಗಳು ನಿಮ್ಮ ಹತ್ತಿರ ಬರೋದಿಲ್ಲ. ನಾನು ಹೆದರಿಸ್ತಾ ಇಲ್ಲ ಭಾಯಿ, ಆಗೋದನ್ನ ಹೇಳ್ತಿದ್ದೇನೆ."

ನಾನು ಅವನ ಪಕ್ಷ. ಹಾಗೆಂದು ಅಲ್ಲೇ ಹೇಳಿದೆ. ಆಚಾರ್ರು ಮಾತ್ರ ಅಂಗಡಿಯ ತುಂಬ ಓಡಾಡುತ್ತ, ಕೋಲುಗಳನ್ನು ತಲೆಯಿಂದ ಸರಿಸುತ್ತ, ಒಂದೇ ಮಾತು ಹೇಳುತ್ತಿದ್ದರು: "ಲೇತಿನ ಕೋಲು ಒಂದು ಮಳೆಗಾಲ ತಡೆಯುದಿಲ್ಲ. ಒಂದು ಮಳೆಗಾಲ!"

"ಪರೀಕ್ಷೆ ಮಾಡೋಣ," ಎಂದೆ. ಅಪ್ಪನ ಮನೆಯಲ್ಲಿ ಬೆಳೆದವನಿಗೆ ಇನ್ನೇನು ಹೊಳೆಯುತ್ತದೆ? ಷರತ್ತು ನಾನೇ ಕಟ್ಟಿದೆ. ಒಂದೇ ಬಾರಿನಿಂದ ಅಕ್ಕಪಕ್ಕದ ಎರಡು ತುಂಡು ಕತ್ತರಿಸುವುದು. ಒಂದನ್ನು ಜಯಂತಿಭಾಯಿ ಲೇತಿನಲ್ಲಿ ಕಡೆಸುವುದು. ಇನ್ನೊಂದನ್ನು ಆಚಾರ್ರು ಕೈಯಿಂದ ಮಾಡುವುದು. ಹಳೆಯ ಒಣಗಿದ ಮರವಾದ್ದರಿಂದ ಬೇಸಿಗೆ ಸಾಕು ಎಂದು ಅವರೇ ಒಪ್ಪಿದರು. ಮಳೆಗಾಲದ ಉದ್ದಕ್ಕೂ ಎರಡನ್ನೂ ಸೂರತ್ತಿನ ಒಂದು ಕ್ಲಬ್ಬಿನಲ್ಲಿ ನೇತುಹಾಕುವುದು, ಏಕೆಂದರೆ ತಾಪಿ ನದಿಯ ಆ ಊರಿನ ಗಾಳಿಯಷ್ಟು ಒದ್ದೆ ಗಾಳಿ ಬರೋಡಾದಲ್ಲಿಲ್ಲ. ದೀಪಾವಳಿಗೆ ಮೊದಲು ಮೇಜಿನ ಮೇಲೆ ಉರುಳಿಸುವುದು. ಯಾವುದು ಹೆಚ್ಚು ನೆಟ್ಟಗಿದೆಯೋ ಅದು ಗೆದ್ದಂತೆ. ಕೈ ಗೆದ್ದರೆ ಜಯಂತಿಭಾಯಿ ಶೇಠ್ ಪಂಜಾಬಿನ ಮಿಸ್ತ್ರಿಯನ್ನು ತರುವಂತಿಲ್ಲ, ಅಂಗಡಿ ಉಳಿಯುತ್ತದೆ. ಯಂತ್ರ ಗೆದ್ದರೆ ಆಚಾರ್ರು ಅಂಗಡಿ ಮುಚ್ಚಿ ವಟ್ವಾಕ್ಕೆ.

"ಒಪ್ಪಿಗೆಯಾ?" ಎಂದೆ.

ಆಚಾರ್ರು ಎಡಗಣ್ಣು ಮುಚ್ಚಿ ನನ್ನನ್ನು ನೋಡಿದರು. "ವಕೀಲ್ರೆ, ನೀವು ಯಾರ ಕಡೆ?"

"ಕೋಲಿನ ಕಡೆ."

"ಹಾಗಾದ್ರೆ ಒಪ್ಪಿಗೆ."

ಮಳೆ ಬಂತು. ನಾನು ಪರೀಕ್ಷೆ, ಚರ್ಚಾಸ್ಪರ್ಧೆ ಎಂದು ಓಡಾಡಿಕೊಂಡಿದ್ದೆ. ಅಂಗಡಿಗೆ ಹೋದಾಗಲೆಲ್ಲ ಆಚಾರ್ರು ಇರುತ್ತಿರಲಿಲ್ಲ. ಎಲ್ಲಿ ಎಂದರೆ ನಳಿನಿ, "ಫರ್ಲಿಕ್ಕೆ ಹೋಗಿದ್ದಾರೆ," ಎನ್ನುತ್ತಿದ್ದಳು. ಸುತ್ತಾಡಲು ಎಂದು ಅದರ ಅರ್ಥ. ಸಿಕ್ಕಾಗಲೂ ಅವರ ಕೈ ಯಾವ ಕೋಲಿನ ಮೇಲೂ ನಿಲ್ಲುತ್ತಿರಲಿಲ್ಲ. ಒಂದನ್ನು ಇಳಿಸುವುದು, ನೋಡುವುದು, ಕೀಸದೆ ಮತ್ತೆ ನೇತುಹಾಕುವುದು. "ಮನಸ್ಸು ಅಲ್ಲಿ ತೂಗ್ತಾ ಉಂಟು," ಎಂದು ಒಂದು ದಿನ ತೆಂಕಲ ದಿಕ್ಕಿಗೆ, ಸೂರತ್ತಿನ ಕಡೆಗೆ, ಬೆರಳು ತೋರಿಸಿದರು. ನಾನು ನಕ್ಕೆ.

ಮಳೆ ಬಿಟ್ಟು, ಪೇಟೆಯಲ್ಲಿ ಹಣತೆ ಕಾಣಿಸಿಕೊಂಡ ಹೊತ್ತಿಗೆ ನಾವಿಬ್ಬರೂ ಸೂರತ್ತಿಗೆ ಹೋದೆವು. ಜಯಂತಿಭಾಯಿ ಅಹಮದಾಬಾದಿನಿಂದ ನೇರವಾಗಿ ಕ್ಲಬ್ಬಿಗೆ ಬರುವವನಿದ್ದ. ಸಂಜೆಯ ತನಕ ಹೊತ್ತಿತ್ತು. ಆಚಾರ್ರಿಗೆ ಸ್ಟೇಷನ್ನಿನ ಬೆಂಚು ಸೇರಲಿಲ್ಲ. ನನ್ನನ್ನು ವರಾಛಾದ ಕಡೆ ಎಳೆದುಕೊಂಡು ಹೋದರು. ಅಲ್ಲಿ ಮನೆಗಳ ಒಳಗೆ ವಜ್ರ ಉಜ್ಜುತ್ತಿದ್ದರು. ತಿರುಗುವ ಚಕ್ರಕ್ಕೆ ಕಲ್ಲನ್ನು ಒತ್ತುವುದು, ಎತ್ತುವುದು, ಒಂದು ಕಣ್ಣು ಮುಚ್ಚಿ ಭೂತಗನ್ನಡಿಯಲ್ಲಿ ನೋಡುವುದು. ಆಚಾರ್ರು ಕಿಟಕಿಯ ಸರಳು ಹಿಡಿದು ನಿಂತರು.

"ನೋಡಿ, ಎಲ್ಲ ನನ್ನ ಜಾತಿಯವ್ರೇ. ಒಂದು ಕಣ್ಣಲ್ಲಿ ಅನ್ನ ಉಣ್ಣುವವ್ರು," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಆದ್ರೆ ಇವ್ರದ್ದು ಸುಖ. ಕಲ್ಲು ರಾತ್ರೆ ಬೆಳೆಯುದಿಲ್ಲ, ಬಗ್ಗುದಿಲ್ಲ. ಉಜ್ಜಿ ಆಯ್ತು ಅಂದ್ರೆ ಆಯ್ತು," ಎಂದರು.

ಮಾತಾಡುತ್ತಲೇ ಕಿಟಕಿಯ ಸರಳನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು, ಬಿಡದೆ. ಅದು ಹೆದರಿಕೆ ಎಂದು ನನಗೆ ಅನ್ನಿಸಲಿಲ್ಲ. ಇವರು ಯಾವಾಗಲೂ ಹೀಗೇ ತಾನೇ ಅಂದುಕೊಂಡೆ.

ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯನ್ನು ನೋಡಿಕೊಳ್ಳುವ ಮಾರ್ಕರ್ ಇಬ್ರಾಹಿಂ ಚಾಚಾ, ಎರಡೂ ಕೋಲುಗಳನ್ನು ಮೊಳೆಯಿಂದ ಇಳಿಸಿ ತಂದ. ಜಯಂತಿಭಾಯಿ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದ. ಮೇಜಿನ ಹಸಿರು ಬಟ್ಟೆಯ ಮೇಲೆ ಮೊದಲು ಯಂತ್ರದ ಕೋಲನ್ನು ಉರುಳಿಸಿದವನು ನಾನೇ. ಅದು ನೀರು ಹರಿದಂತೆ ಉರುಳಿತು. ತುದಿ ಏಳಲಿಲ್ಲ, ಬೀಳಲಿಲ್ಲ. ಆಚಾರ್ರು ಮೇಜಿನ ಮಟ್ಟಕ್ಕೆ ತಲೆ ತಗ್ಗಿಸಿ ನೋಡಿ, "ನೆಟ್ಟಗೆ ಉಂಟು," ಎಂದರು. ಅವರು ಅಷ್ಟು ಬೇಗ ಒಪ್ಪಿದ್ದು ನನಗೆ ಆಶ್ಚರ್ಯ.

ಆಮೇಲೆ ಅವರದ್ದು. ಅರ್ಧ ಸುತ್ತು ಚೆನ್ನಾಗಿ ಹೋಯಿತು. ಅಲ್ಲಿಂದ ತುದಿ ಕುಂಟತೊಡಗಿತು. ಬಟ್ಟೆಯಿಂದ ಒಂದು ಕೂದಲೆಳೆಯಷ್ಟು ಮೇಲೆದ್ದು ಇಳಿಯಿತು, ಮತ್ತೆ ಎದ್ದು ಇಳಿಯಿತು. ನಾನು ಇನ್ನೊಮ್ಮೆ ಉರುಳಿಸಿದೆ. ಮತ್ತೂ ಒಮ್ಮೆ. ಪ್ರತಿ ಸಲವೂ ತುದಿ ಕುಂಟಿತು.

ಇಬ್ರಾಹಿಂ ಚಾಚಾ ತಲೆ ಅಲ್ಲಾಡಿಸಿದ. "ನಾನು ಹೇಳಿದ್ದೆ ಮಿಸ್ತ್ರಿ, ಬಿಡಿ, ಬಿಡಿ ಅಂತ. ಪ್ರತಿ ಅಠವಾಡಿಯಕ್ಕೂ ಬರ್ತಿದ್ರಿ. ಮಳೆಯಲ್ಲಿ ನೆನೆದು ಬಂದು, ಕೋಲು ಇಳಿಸಿ, ಒಂದು ಪದರ ತೆಗೆಯೋದು. ಮತ್ತೆ ಬರೋದು, ಮತ್ತೆ ಒಂದು ಪದರ."

ವಾರ ವಾರ! ಬರೋಡಾದಿಂದ ಸೂರತ್ತಿಗೆ, ಕೀಸುಳಿಯನ್ನು ಚೀಲದಲ್ಲಿಟ್ಟುಕೊಂಡು. ಒದ್ದೆ ಗಾಳಿಯಲ್ಲಿ ಕೋಲು ಕೂದಲೆಳೆಯಷ್ಟು ಹೊರಳಿದ್ದನ್ನು ಕಂಡು ಕೀಸಿದ್ದಾರೆ. ಕೀಸಿದ ಕಡೆ ಮರ ಹೊಸದಾಗಿ ಹೊರಳಿದೆ. ಅದನ್ನು ಸರಿ ಮಾಡಲು ಮತ್ತೆ ಕೀಸಿದ್ದಾರೆ. ಜಗತ್ತಿನಲ್ಲಿ ಯಾರಿಗೂ ತಿಳಿಯದಷ್ಟು ಚೆನ್ನಾಗಿ ಅವರಿಗೇ ಗೊತ್ತಿದ್ದ ನಿಯಮವನ್ನು ಅವರೇ ಮುರಿದಿದ್ದಾರೆ.

"ಹಾಗಾದರೆ ಇದು ಪರೀಕ್ಷೆಯೇ ಅಲ್ಲ," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. "ಜಯಂತಿಭಾಯಿ, ಒಂದು ಕೋಲನ್ನು ಮುಟ್ಟಿಲ್ಲ, ಇನ್ನೊಂದನ್ನು ವಾರ ವಾರ ಮುಟ್ಟಿದ್ದಾರೆ. ಇಲ್ಲಿ ಸೋತದ್ದು ಕೈಕೆಲಸ ಅಲ್ಲ, ಅವಸರ. ಮುಂದಿನ ಮಳೆಗಾಲದಲ್ಲಿ ಮತ್ತೆ ಮಾಡಬೇಕು. ಕ್ಲಬ್ಬಿನ ಕಪಾಟಿನಲ್ಲಿಟ್ಟು ಬೀಗ ಹಾಕೋಣ."

ಜಯಂತಿಭಾಯಿ ಒಳ್ಳೆಯವನು. "ಮಿಸ್ತ್ರಿ ಹೇಳಿದರೆ ನನಗೆ ಒಪ್ಪಿಗೆ," ಎಂದ.

ಆಚಾರ್ರು ತಮ್ಮ ಕೋಲನ್ನು ಎತ್ತಿಕೊಂಡರು. "ಬೇಡ," ಎಂದರು. "ದೀಪಾವಳಿ ಕಳೆದು ಬರ್ತೇನೆ ಶೇಠ್."

ವಾಪಸು ಬರುವಾಗ ರೈಲಿನಲ್ಲಿ ನಾವು ಆಡಿದ ವಾದವೇ ನಾನು ಈ ಬರಹಕ್ಕೆ ಕೂರಲು ಕಾರಣ. ಒಂದು ವರ್ಷ ಕಾಲ ಅಂಗಡಿ ಮುಚ್ಚಿ ಎಂದು ವಾದಿಸಿದವನು ನಾನು. ಈಗ ಮುಚ್ಚಬೇಡಿ ಎಂದು ವಾದಿಸುತ್ತಿದ್ದವನೂ ನಾನೇ. ಆಚಾರ್ರು ಎದುರಿನ ಸೀಟಿನಲ್ಲಿ ಕೂತಿರಲಿಲ್ಲ, ಬಾಗಿಲ ಹತ್ತಿರ ನಿಂತಿದ್ದರು. ಭರೂಚ್ ಬಂದಾಗ ಇಳಿದು, ರೈಲು ಚಲಿಸಿದ ಮೇಲೆ ಹತ್ತಿ, ಉಪ್ಪು ಹಾಕಿ ಹುರಿದ ಕಡಲೆಕಾಯಿಯ ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿದರು.

"ನೀವು ಸೋತಿಲ್ಲ," ಎಂದೆ. "ತರ್ಕದ ಪ್ರಕಾರ ನೀವು ಸೋತಿಲ್ಲ. ಕೈಯಿಂದ ಮಾಡಿದ ಕೋಲು ಬಾಗುತ್ತೆ ಅಂತ ಇದರಿಂದ ಸಿದ್ಧವಾಗಲ್ಲ."

"ವಕೀಲ್ರೆ, ಇನ್ನೊಂದು ಮಳೆಗಾಲ ಕೊಟ್ರೆ ನಾನು ಸುಮ್ಮನಿರ್ತೇನಾ?"

"ಬೀಗ ಹಾಕ್ತೀವಲ್ಲ."

"ಬೀಗ ಒಡೀತೇನೆ," ಎಂದರು, ನಗದೆ. "ಅಲ್ಲಿ ಅದು ಒಂದೇ ಇತ್ತು ಮಾರಾಯ್ರೆ. ಅಂಗಡಿಯಲ್ಲಿ ಹತ್ತು ತೂಗ್ತಾ ಉಂಟು, ಆದ್ರೆ ಕಣ್ಣಿಗೆ ಒಂದೂ ಕಾಣುದಿಲ್ಲ. ಅದೊಂದರ ಮೇಲೆ ಎಲ್ಲ ನಿಂತಿತ್ತು. ಕೈ ಬಿಡ್ಲಿಕ್ಕೆ ಆಗ್ಲಿಲ್ಲ. ಯಂತ್ರಕ್ಕೆ ಹಾಗಿಲ್ಲ ನೋಡಿ. ಮುಟ್ಟಿದ್ದನ್ನು ಅದು ಬಿಡ್ತದೆ. ಮರೀತದೆ. ಮರಕ್ಕೆ ಬೇಕಾದದ್ದು ಅದೇ."

"ಹಾಗಂದರೆ ಯಂತ್ರವೇ ಒಳ್ಳೆಯ ಆಚಾರಿ ಅಂತೀರಾ?"

"ನೀವೇ ಹೇಳ್ತಿದ್ರಲ್ಲ ಒಂದು ವರ್ಷದಿಂದ!"

"ನಾನು ಹೇಳಿದ ಕಾರಣಗಳು ಬೇರೆ. ಇದು ತಪ್ಪು ಕಾರಣ. ತಪ್ಪು ಕಾರಣಕ್ಕೆ ಸರಿಯಾದ ತೀರ್ಮಾನ ತಗೋಬಾರದು."

ರೈಲು ನರ್ಮದೆಯ ಸೇತುವೆ ದಾಟಿಯಾಗಿತ್ತು. ಆಚಾರ್ರು ಒಂದು ಕಣ್ಣು ಮುಚ್ಚಿ ಹೊರಗೆ ಹಳಿಯನ್ನೇ ನೋಡುತ್ತಿದ್ದರು. "ಕಾರಣ ನಿಮಗಿರ್ಲಿ," ಎಂದರು. "ತೀರ್ಮಾನ ನನಗೆ ಸಾಕು."

ನನಗೆ ಸಿಟ್ಟು ಬಂತು. ಕಡಲೆಕಾಯಿ ತಿನ್ನಲಿಲ್ಲ.

ಆಚಾರ್ರು ಬೇಕೆಂದೇ ಸೋತರೇ ಎಂಬ ಅನುಮಾನ ನನಗೂ ಬಂದಿತ್ತು. ಅವರು ವಟ್ವಾಕ್ಕೆ ಹೊರಟುಹೋದ ಮೇಲೆ ನಳಿನಿಯನ್ನೇ ಕೇಳಿದೆ. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಅವಳು ತಂದೆಯ ಜೊತೆ ಹೋಗಿರಲಿಲ್ಲ. ಹೋಟೆಲಿನವರ ಮನೆಯಲ್ಲಿ ಇರಲು ಕೋಣೆ ಸಿಕ್ಕಿತ್ತು. ಹಳೆಯ ಕೋಲುಗಳ ತುದಿಗೆ ಚರ್ಮದ ಹೊಸ ಗುಂಡಿ ಅಂಟಿಸಿ ಕೊಡುತ್ತಿದ್ದಳು.

"ಬೇಕಂತ ಸೋಲ್ಲಿಕ್ಕೆ ಬಾಪುಜಿಗೆ ಬರೂದಿಲ್ಲ, ಭಾಯ್," ಎಂದಳು. "ಗೆಲ್ಲಲೇಬೇಕಂತ ಬಹು ಇತ್ತು. ಅದಕ್ಕೇ ಕೋಲು ಬಗ್ಗಿತು."

ಅವಳ ತಲೆಯ ಮೇಲೆ ಜಂತಿಯಲ್ಲಿ ಆ ಸಣ್ಣ ಕಾಡು ಹಾಗೇ ತೂಗುತ್ತಿತ್ತು. ಕೊನೆಯ ಬಾರಿನಿಂದ ತೆಗೆದವು.

"ಅವುಗಳನ್ನು ಏನು ಮಾಡ್ತೀರಿ?"

"ಎಂತದೂ ಇಲ್ಲ. ಹಮ್ಣಾ, ಈಗ ಮುಟ್ಟೂದಿಲ್ಲ. ಅವು ಇನ್ನೂ ತಯಾರ್ ಆಗ್ಲಿಲ್ಲ," ಎಂದು ಮತ್ತೆ ಕೆಲಸಕ್ಕೆ ಬಾಗಿದಳು.

"ಆದ ಮೇಲೆ ಕೊಳ್ಳೋರು ಯಾರು?"

"ನೀವು ವಕೀಲ್ ಉಂಟಲ್ಲ. ಒಂದು ಗಿರಾಕಿ ಹಿಡ್ಕೊಂಡು ಬನ್ನಿ."

ಓದು ಮುಗಿಸಿ ನಾನು ಅಹಮದಾಬಾದಿಗೆ, ಅಪ್ಪನ ಮನೆಗೆ ಬಂದೆ. ಒಂದು ಮಧ್ಯಾಹ್ನ ಬಸ್ಸು ಹಿಡಿದು ವಟ್ವಾಕ್ಕೆ ಹೋದೆ. ಚರಂಡಿಯಲ್ಲಿ ಒಂದು ಕಡೆ ಕೆಂಪು ನೀರು, ಇನ್ನೊಂದು ಕಡೆ ನೀಲಿ. ಗಾಳಿ ಮೂಗನ್ನು ಕೆರೆಯುತ್ತಿತ್ತು. ಶೆಡ್ಡಿನ ಒಳಗೆ ಲೇತುಗಳ ಸದ್ದು. ಕಡೆದ ಕೋಲುಗಳ ಕಟ್ಟುಗಳನ್ನು ಗೋಡೆಗೆ ಒರಗಿಸಿದ್ದರು. ಕಿಟಕಿಯ ಬಳಿ ಒಂದು ಮೇಜು, ಅದರ ಹಿಂದೆ ಒಂದು ಕುರ್ಚಿ.

ಆಚಾರ್ರು ಕುರ್ಚಿಯಲ್ಲಿ ಕೂತಿದ್ದರು.

ನನಗೆ ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ಕೂತ ಆಚಾರ್ರು ನಿಂತ ಆಚಾರ್ರಿಗಿಂತ ಚಿಕ್ಕವರು. ಮೈ ಸ್ವಲ್ಪ ತುಂಬಿತ್ತು, ಅಂಗಿ ಶುಭ್ರವಾಗಿತ್ತು. "ಓ! ವಕೀಲ್ರು!" ಎಂದು ನನ್ನನ್ನು ನೋಡಿದರು, ಎರಡೂ ಕಣ್ಣಿನಿಂದ. ಎಡಗಣ್ಣಿನ ಬಣ್ಣ ತಿಳಿಕಂದು ಎಂದು ನನಗೆ ತಿಳಿದದ್ದು ಆಗಲೇ.

ಚಹಾ ತರಿಸಿದರು. ಜಯಂತಿಭಾಯಿ ಚೆನ್ನಾಗಿ ನೋಡಿಕೊಳ್ಳುತ್ತಾನೆ, ಕೋಲುಗಳು ದೂರದೂರದ ಊರುಗಳಿಗೆ ಹೋಗುತ್ತಿವೆ, ಹಾಸ್ಟೆಲ್ಲಿನ ಹುಡುಗರು ನಿಜವಾಗಿಯೂ ಕೊಳ್ಳುತ್ತಿದ್ದಾರೆ ಎಂದರು. ಅಂದರೆ ನಾನು ಹೇಳಿದ್ದೆಲ್ಲ ಹಾಗೇ ನಡೆದಿತ್ತು. ಒಂದು ಮಾತಿಗಾದರೂ ಅವರು ಎದುರು ಹೇಳಲಿ ಎಂದು ಕೆಣಕಿದೆ.

"ಹಾಗಾದರೆ ಕೈಕೆಲಸ ಮುಗೀತು ಅಂತ ಒಪ್ಪಿದಿರಿ?"

"ಹೌದು," ಎಂದರು.

"ಲೇತಿನ ಕೋಲಿಗೆ ಏನೂ ಕೊರತೆ ಇಲ್ಲ?"

"ಇಲ್ಲ."

"ಒಂದೂ ಇಲ್ವಾ?"

"ಇಲ್ಲ ಮಾರಾಯ್ರೆ. ಚಾ ಕುಡೀರಿ."

ಎದುರಾಳಿ ಎದ್ದುಹೋದ ಸಭೆಯಲ್ಲಿ ಒಬ್ಬನೇ ನಿಂತು ಮಾತಾಡುತ್ತಿರುವ ಹಾಗಾಯಿತು ನನಗೆ. ಬೇರೇನೂ ತೋಚದೆ ನಳಿನಿಯ ವಿಷಯ ತೆಗೆದೆ. ಅಂಗಡಿಯ ಜಂತಿಯಲ್ಲಿ ಕೋಲುಗಳು ಇನ್ನೂ ತೂಗುತ್ತಿವೆ ಎಂದೆ. ಆಗ ಅವರ ಕೈ ಮೇಜಿನ ಮೇಲೆ ಒಮ್ಮೆ ಅಲುಗಿತು.

"ಮುಟ್ಟಿದಳಾ?"

"ಇಲ್ಲ. ಇನ್ನೂ ತಯಾರಾಗಿಲ್ಲ ಅಂದಳು."

ಅವರು ಚಹಾದ ಲೋಟವನ್ನು ಮೇಜಿನ ಅಂಚಿಗೆ ಸರಿಸಿದರು. "ಹೂಂ," ಎಂದರು. "ಅವಳಿಗೆ ಬರ್ತದೆ. ನನಗೆ ಬರ್ಲಿಲ್ಲ."

ಅದೇ ನಾನು ಅವರನ್ನು ಕಂಡ ಕೊನೆಯ ಸಲ. ಅವರು ಈಗ ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ, ನನಗೆ ಗೊತ್ತಿಲ್ಲ; ಮುಂದಿನ ವರ್ಷ ಹೋದಾಗ ಆ ಕುರ್ಚಿಯಲ್ಲಿ ಪಂಜಾಬಿನ ಮಿಸ್ತ್ರಿ ಇದ್ದ. ಬರೋಡಾಕ್ಕೆ ಹೋಗಿ ನಳಿನಿಯನ್ನು ಕೇಳುವ ಮನಸ್ಸು ನನಗಾಗಲಿಲ್ಲ. ಆದರೆ ಆ ಮಧ್ಯಾಹ್ನ, ಹೊರಡಲು ಎದ್ದವನು ನಾನು ಸುಮ್ಮನೆ ಹೊರಡಲಿಲ್ಲ. ಗೋಡೆಗೆ ಒರಗಿದ್ದ ಕಟ್ಟಿನಿಂದ ಒಂದು ಕೋಲು ಎಳೆದು, ಅವರ ಮೇಜಿನ ಮೇಲೆ ಉರುಳಿಸಿ, ಬಗ್ಗಿ, ಎಡಗಣ್ಣು ಮುಚ್ಚಿ ನೋಡತೊಡಗಿದೆ. ತುದಿ ಎಲ್ಲಾದರೂ ಒಂದು ಕೂದಲೆಳೆಯಷ್ಟು ಏಳುತ್ತದೆಯೇ ಎಂದು. ಅವರೂ ನನ್ನ ಜೊತೆ ಬಗ್ಗುತ್ತಾರೆ ಎಂದುಕೊಂಡಿದ್ದೆ.

ಆಚಾರ್ರು ಕುರ್ಚಿಯಿಂದ ಏಳಲಿಲ್ಲ.

"ಬಿಡಿ ವಕೀಲ್ರೆ," ಎಂದರು. "ಅದು ನೆಟ್ಟಗೇ ಇರ್ತದೆ."